ತೊಳೆಯದ ತಲೆಗಳ ಕಾವಲು

ನನ್ನ ಮೊಮ್ಮಗಳ ಶಾಂಪೂ ಪಾಸಾಯಿತು. ಮೊಮ್ಮಗಳೂ ಪಾಸಾದಳು, ಆದರೆ ನನ್ನ ಬಾಯಿಗೆ ಶಾಂಪೂವಿನ ಸುದ್ದಿಯೇ ಮೊದಲು ಬರುತ್ತದೆ. ಅದಕ್ಕಾಗಿ ನನ್ನ ತಲೆಯೂ ದುಡಿದಿದೆಯಲ್ಲ. ದುಡಿದದ್ದು ತಲೆಯ ಒಳಗಿನದಲ್ಲ, ಮೇಲಿನದು, ಅಷ್ಟೇ ವ್ಯತ್ಯಾಸ. ಮಧ್ಯಾಹ್ನ ಕೊಪ್ಪಳದ ಕಾಲೇಜಿನಿಂದ ಪಲ್ಲವಿ ಫೋನು ಮಾಡಿ "ಅಮ್ಮ, ಪಾಸು" ಎಂದು ಎರಡೇ ಮಾತು ಹೇಳಿದಳು. ನಾನು ಆ ಎರಡು ಮಾತನ್ನು ಹಿಗ್ಗಿಸಿ ಹಿಗ್ಗಿಸಿ ನಮ್ಮ ಯಲಬುರ್ಗಾದ ಓಣಿಯ ತುಂಬ ಹೇಳಿ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಗ್ಯಾಸಿನ ಸಿಲಿಂಡರ್ ಹೊತ್ತು ತಂದವನಿಗೂ ಹೇಳಿದೆ. ಅವನು ಸಿಲಿಂಡರನ್ನು ಇಳಿಸುವುದನ್ನೂ ಮರೆತು ಹೆಗಲ ಮೇಲೆಯೇ ಇಟ್ಟುಕೊಂಡು, "ಶಾಂಪೂಕ್ಕೂ ಪರೀಕ್ಷಾ ಇರತಾವೇನ್ರಿ?" ಎಂದು ಕೇಳಿದ. ಇರುತ್ತವೆ ಎಂದು ಎರಡು ತಿಂಗಳ ಹಿಂದೆ ನನಗೂ ಗೊತ್ತಿರಲಿಲ್ಲ ಎಂಬುದನ್ನು ಅವನಿಗೆ ಹೇಳಲಿಲ್ಲ.

ನಾನು ಕಲಿತದ್ದು ಮೂರನೆಯ ತರಗತಿಯವರೆಗೆ, ಅದೂ ಹತ್ತಿ ಬಿಡಿಸುವ ಕೆಲಸ ಇಲ್ಲದ ದಿನಗಳಲ್ಲಿ ಮಾತ್ರ. ನನ್ನ ತಿಳಿವಳಿಕೆಯಲ್ಲಿ ಶಾಂಪೂ ಎಂದರೆ ಕಿರಾಣಿ ಅಂಗಡಿಯ ಬಾಗಿಲಿಗೆ ಮಾಲೆಯ ಹಾಗೆ ಜೋತುಬಿದ್ದಿರುವ ಪುಟ್ಟ ಪಾಕೀಟು. ಅದನ್ನು ಯಾರೋ ಒಬ್ಬರು ಕೂತು ಕುದಿಸಿ, ಸೋಸಿ, ಕೂಡಿಸಿ ಮಾಡುತ್ತಾರೆ, ಆ ಯಾರೋ ಒಬ್ಬರು ನನ್ನ ಅಡುಗೆಮನೆಯಲ್ಲೇ ನನ್ನ ಪಾತ್ರೆಯಲ್ಲೇ ಮಾಡುತ್ತಾರೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಪಲ್ಲವಿ ಔಷಧಿ ತಯಾರಿಸುವ ಓದಿನ ಕಡೆಯ ವರ್ಷದಲ್ಲಿದ್ದಳು. ಪ್ರತಿಯೊಬ್ಬರೂ ಏನಾದರೊಂದು ಮಾಡಿ ತೋರಿಸಬೇಕಂತೆ. ಅವಳ ಗೆಳತಿಯೊಬ್ಬಳು ಕೆಮ್ಮಿನ ಔಷಧಿ ಮಾಡಿದಳು, ಇನ್ನೊಬ್ಬಳು ಗಾಯದ ಮುಲಾಮು. ನಮ್ಮವಳು ಗಿಡಮೂಲಿಕೆಯ ಶಾಂಪೂ ಹಿಡಿದಳು. "ಅದ ಯಾಕಬೇ ತಂಗಿ?" ಎಂದರೆ, "ಸೀಗಿಕಾಯಿ ಕುಟ್ಟೂದು ನೋಡಕೋಂತ ಬೆಳದೀನಿ ಅಮ್ಮ, ಅದು ನನಗ ಸಲೀಸು" ಎಂದಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತಾರೆ, ಹಡೆದವಳಿಗೆ ಅವ್ವ. ಸೀಗೆಕಾಯಿ ಕುಟ್ಟಿದ್ದು ನಾನಾದ್ದರಿಂದ ಈ ಓದಿನಲ್ಲಿ ನನಗೂ ಒಂದು ಪಾಲು ಇದೆ ಎಂದು ಆ ಕ್ಷಣವೇ ತೀರ್ಮಾನಿಸಿಬಿಟ್ಟೆ. ಯಾರೂ ಕೊಟ್ಟದ್ದಲ್ಲ, ನಾನೇ ತೆಗೆದುಕೊಂಡದ್ದು.

ಸಲೀಸು ಎಂದದ್ದು ಸಲೀಸಾಗಲಿಲ್ಲ. ಸೀಗೆಕಾಯಿ, ಅಂಟವಾಳ, ಒಣ ನೆಲ್ಲಿಕಾಯಿ, ದಾಸವಾಳದ ಎಲೆ ಎಲ್ಲ ಕುದಿಸಿ ಮೊದಲ ಸಲ ಮಾಡಿದ್ದು ನೀರಿಗಿಂತ ತೆಳ್ಳಗಾಯಿತು. ತಲೆಗೆ ಹಾಕಿದರೆ ಕಣ್ಣಿಗೆ ಬಂತು, ಕಣ್ಣಿನಿಂದ ಕುತ್ತಿಗೆಗೆ ಹೋಯಿತು, ಕೂದಲಿನಲ್ಲಿ ನಿಲ್ಲಲಿಲ್ಲ. ಗಟ್ಟಿ ಮಾಡಲು ಅಗಸೆ ಬೀಜ ಕುದಿಸಿ ಅದರ ಲೋಳೆ ಸೇರಿಸಬೇಕು ಎಂದು ಕಾಲೇಜಿನಲ್ಲಿ ಹೇಳಿದರಂತೆ. ಅಗಸೆ ಎಂದರೆ ನಮಗೆ ಚಟ್ನಿ, ರೊಟ್ಟಿಯ ಜೊತೆ ನಂಟು ಅದಕ್ಕೆ. ಕುದಿಸಿದ ಮೇಲೆ ಬಿಸಿಯಿದ್ದಾಗಲೇ ಸೋಸಬೇಕಂತೆ. ನಾವು ಕೈ ಸುಡುತ್ತದೆ ಎಂದು ಆರಲು ಬಿಟ್ಟೆವು. ಆರಿದ ಮೇಲೆ ಅದು ಬಟ್ಟೆಯನ್ನು ಬಿಟ್ಟು ಬರಲೇ ಇಲ್ಲ. ನಾನೊಂದು ತುದಿ, ನಮ್ಮ ಯಜಮಾನರೊಂದು ತುದಿ ಹಿಡಿದು ಹಿಂಡಿದೆವು. ಹಿಂಡಿದ್ದೆಲ್ಲ ಅವರ ಧೋತರದ ಮೇಲೆ ಬಿತ್ತು. ಮೂರನೆಯ ಸಲದ್ದನ್ನು ಬಾಟಲಿಗೆ ತುಂಬಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದಳು. ನಮ್ಮ ಬೇಸಿಗೆಗೆ ಅದು ಒಳಗೊಳಗೇ ಹುದುಗು ಬಂದು ಒಂದು ದಿನ ಮುಚ್ಚಳ ಹಾರಿಸಿತು. ಸೊಸೆ ಮಂಜುಳಾ ಕುಕ್ಕರ್ ಸೀಟಿ ಎಂದುಕೊಂಡು ಗ್ಯಾಸ್ ಆರಿಸಿದಳು.

ಅಂತೂ ನಾಲ್ಕನೆಯ ಸಲ ಪಲ್ಲವಿಯ ಮನಸ್ಸಿಗೆ ಬರುವಂಥದ್ದಾಯಿತು. ಕಾಲೇಜಿನಲ್ಲಿ ಅದಕ್ಕೆ ಏನೇನೋ ಪರೀಕ್ಷೆ. ಉದ್ದನೆಯ ಗಾಜಿನ ಕೊಳವೆಗೆ ಹಾಕಿ ಅಲ್ಲಾಡಿಸಿ ನೊರೆ ಎಷ್ಟು ಎತ್ತರಕ್ಕೆ ಏರಿತು, ಎಷ್ಟು ಹೊತ್ತು ನಿಂತಿತು ನೋಡುತ್ತಾರೆ. ಇನ್ನೊಂದು ಗಾಜಿನ ನಳಿಗೆಯಲ್ಲಿ ಶಾಂಪೂ ನೀರಿಗೆ ಒಂದು ಹನಿ ಕಪ್ಪು ಮಸಿ ಬಿಟ್ಟು ಅಲ್ಲಾಡಿಸುತ್ತಾರೆ. ಮಸಿ ನೊರೆಯಲ್ಲಿ ನಿಂತರೆ ಆ ಶಾಂಪೂ ಕೆಟ್ಟದ್ದು, ಕೊಳೆಯನ್ನು ತಿರುಗಿ ತಲೆಗೇ ಮೆತ್ತುತ್ತದೆ. ಮಸಿ ಕೆಳಗಿನ ನೀರಿಗೆ ಇಳಿದರೆ ಒಳ್ಳೆಯದು, ನೀರಿನ ಜೊತೆ ಕೊಳೆ ಹೋಗುತ್ತದೆ. ಇದನ್ನು ಅವಳು ನನಗೆ ಮನೆಯಲ್ಲೇ ಮಾಡಿ ತೋರಿಸಿದಳು. ಮಸಿ ಇಳಿದದ್ದನ್ನು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ, ನೋಡಲು ಬಂದವರಿಗೆಲ್ಲ ಮತ್ತೆ ಮತ್ತೆ ಮಾಡಿ ತೋರಿಸೆಂದು ಗಂಟುಬಿದ್ದು ಅವಳ ಮಸಿಯ ಸೀಸೆಯನ್ನೇ ಖಾಲಿ ಮಾಡಿಸಿದೆ. ಚರ್ಮಕ್ಕೆ ಉರಿಯುತ್ತದೆಯೋ ನೋಡಲು ಯಜಮಾನರ ಮುಂಗೈಗೆ ಹಚ್ಚಿದಳು. ಅವರ ತಲೆಯಲ್ಲಿ ಪರೀಕ್ಷೆಗೆ ಸಾಲುವಷ್ಟು ಕೂದಲಿಲ್ಲ. "ಕೈಯಾಗ ಕೂದಲಾ ಬೆಳದ್ರ ನೀನ ಜವಾಬ್ದಾರಿ ನೋಡವ್ವ" ಎಂದು ದಿನವಿಡೀ ಕೈ ಚಾಚಿಕೊಂಡೇ ಕೂತಿದ್ದರು. ಉರಿಯೂ ಬರಲಿಲ್ಲ, ಕೂದಲೂ ಬರಲಿಲ್ಲ.

ಉಳಿದದ್ದು ಒಂದೇ. ನಿಜವಾದ ಹೆಂಗಸರು ನಿಜವಾಗಿ ತಲೆ ತೊಳೆದುಕೊಂಡು ಹೇಗಿದೆ ಎಂದು ಹೇಳಬೇಕು, ಅದನ್ನು ಅವಳ ಮೇಡಂ ಎದುರಿಗಿದ್ದು ನೋಡಬೇಕು. "ನಮ್ಮ ಓಣಿ ಹೆಣ್ಣುಮಕ್ಕಳ್ನ ನಾ ಕೂಡಸ್ತೀನಿ, ನೀ ಚಿಂತಿ ಬಿಡು" ಎಂದೆ. ಕೂಡಿಸಿದೆ ಕೂಡ. ಪಕ್ಕದ ಮನೆಯ ನೀಲಮ್ಮನಿಗೆ ಮೊಣಕಾಲು ಮುಟ್ಟುವ ಜಡೆ, ಅವಳನ್ನು ಮೊದಲು ಒಪ್ಪಿಸಿದೆ. ಅವಳು ಒಪ್ಪಿದ ಮೇಲೆ ಉಳಿದವರು ತಾವಾಗಿ ಬಂದರು. ಜೊತೆಗೆ ನಾನೊಂದು ಬುದ್ಧಿವಂತಿಕೆ ಮಾಡಿದೆ. ಮೇಡಂ ಕೇಳಿದರೆ "ರೇಷ್ಮಿ ಆಗೇತ್ರಿ" ಅನ್ನಿ ಎಂದು ಎಲ್ಲರಿಗೂ ಹೇಳಿಕೊಟ್ಟೆ. ಮೊಮ್ಮಗಳ ಕೆಲಸ, ಒಂದು ಒಳ್ಳೆಯ ಮಾತು ಹೆಚ್ಚಿಗೆ ಬಿದ್ದರೆ ಯಾರಿಗೇನು ನಷ್ಟ.

ಒಂದು ಭಾನುವಾರ ಮೇಡಂ ಕೊಪ್ಪಳದಿಂದ ಬಂದರು. ನಮ್ಮ ಪಡಸಾಲೆಯಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಎಲ್ಲರ ತಲೆಯೂ ಮಿರಮಿರ ಮಿಂಚುತ್ತಿತ್ತು. ಎಲ್ಲರೂ ಬೆಳಿಗ್ಗೆ ಎದ್ದು ಎರೆದುಕೊಂಡು, ಬಾಚಿ, ಮಲ್ಲಿಗೆ ಮುಡಿದು ಬಂದಿದ್ದರು. ನಾನೂ ಎರೆದುಕೊಂಡಿದ್ದೆ. ಮೇಡಂ ಒಂದು ಸುತ್ತು ನೋಡಿ ಮೆಲ್ಲಗೆ ಕೇಳಿದರು, "ಎಲ್ಲಾರೂ ತಲಿ ಎರಕೊಂಡ ಬಂದೀರೇನ್ರಿ?"

"ಮತ್ತ?" ಎಂದಳು ನೀಲಮ್ಮ. "ನಿಮ್ಮಂಥಾ ಕಲತೋರ ಕೈಯಾಗ ತಲಿ ಕೊಡೂದು ಅಂದ್ರ, ಜಿಡ್ಡಗಟ್ಟಿದ್ದು ಕೊಡಾಕ ಆಕ್ಕೈತೇನ್ರಿ ಅಕ್ಕಾರ? ನಮಗೂ ಮಾನಾ ಮರ್ಯಾದಿ ಐತಿ."

ಮೇಡಂ ಪಲ್ಲವಿಯ ಮುಖ ನೋಡಿದರು, ಪಲ್ಲವಿ ನನ್ನ ಮುಖ ನೋಡಿದಳು. ಆ ಹೊತ್ತಿಗೆ ಸರಿಯಾಗಿ ಮೂಲೆಯಲ್ಲಿದ್ದ ಒಬ್ಬಳು, ತನ್ನ ಪಾಳಿ ಬಂತೆಂದು ತಿಳಿದು, "ರೇಷ್ಮಿ ಆಗೇತ್ರಿ" ಎಂದುಬಿಟ್ಟಳು.

"ಇನ್ನೂ ಹಚ್ಚೇ ಇಲ್ಲಲ್ರಿ ಅಮ್ಮಾರ" ಎಂದರು ಮೇಡಂ.

"ಹಚ್ಚಿದ ಮ್ಯಾಲೂ ಹಂಗ ಆಕ್ಕೈತ್ರಿ" ಎಂದಳು ಅವಳು.

ಮೇಡಂ ಚಹಾ ಕುಡಿದು ಹೋದರು. ಸಿಟ್ಟೇನೂ ಮಾಡಲಿಲ್ಲ, ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಪಲ್ಲವಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. "ನನಗ ಹೊಲಸು ತಲಿ ಬೇಕಾಗಿದ್ವಬೇ ಅಮ್ಮ. ನೀ ಮದುವಿ ದಿಬ್ಬಣಾ ಕರಕೊಂಡು ಬಂದಿ" ಎಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು, ಹೊರಗಿನ ಪರೀಕ್ಷಕರು ಬರುವುದರೊಳಗೆ ಇದು ಮುಗಿಯದಿದ್ದರೆ ಅವಳ ಕೆಲಸವನ್ನು ಅವರು ನೋಡುವುದೇ ಇಲ್ಲ, ಒಂದು ವರ್ಷ ಮತ್ತೆ ಇದೇ ತರಗತಿಯಲ್ಲಿ ಕೂರಬೇಕು. ಮೇಡಂ ಬಿಡುವು ಮಾಡಿಕೊಂಡು ಮುಂದಿನ ಭಾನುವಾರ ಇನ್ನೊಮ್ಮೆ ಬರುತ್ತಾರೆ, ಅದು ಕಡೆಯದು. ಅಲ್ಲಿಯವರೆಗೆ ಯಾರೂ ತಲೆಗೆ ನೀರು ಹಾಕುವಂತಿಲ್ಲ. ಅವಳು ಅಂಗಳದಲ್ಲಿ ಕೂತು ಗಾಜಿನ ನಳಿಗೆ ತೊಳೆಯುವುದನ್ನು ಎರಡು ತಿಂಗಳು ನೋಡಿದ್ದೆ.

ನೀಲಮ್ಮನ ಮನೆಗೆ ಹೋದೆ. ವಾರ ಪೂರ್ತಿ ತಲೆ ತೊಳೆಯಬೇಡ ಎಂದು ಒಂದು ಹೆಣ್ಣಿಗೆ ಹೇಳುವುದು ಎಷ್ಟು ಕಷ್ಟವೆಂದು ಹೇಳಿದವರಿಗೇ ಗೊತ್ತು. "ಯಕ್ಕ, ನಡುವ ಮಂಗಳವಾರ ಬರತೈತಿ, ಶುಕ್ರವಾರ ಬರತೈತಿ. ಶನಿವಾರ ಹುಣ್ಣಿಮಿ. ನಾವು ಹುಲಿಗೆಮ್ಮಗ ಹೊಂಟೀವಿ. ತಲಿ ಎರಕೊಳ್ಳದ ಗುಡಿ ಮೆಟ್ಟಲಾ ಹತ್ತಂತಿ ಏನು?" ಎಂದಳು. ಆ ಮಾತಿಗೇ ನನಗೆ ತಟ್ಟನೆ ಹೊಳೆಯಿತು. ಹುಣ್ಣಿಮೆಯ ಬೆಳಿಗ್ಗೆ ಹೇಗೂ ಎಲ್ಲರೂ ಎರೆದುಕೊಳ್ಳಲೇಬೇಕು. ಆ ನೀರನ್ನು ನಮ್ಮ ಮನೆಯಲ್ಲೇ ಹಾಕಿಕೊಂಡರೆ ಆಯಿತಲ್ಲ. ಪಲ್ಲವಿ ಮೇಡಂಗೆ ಫೋನು ಮಾಡಿದಳು. ಅವರು, "ಶನಿವಾರ ಮುಂಜಾನೆನ ಬರ್ತೀನಿ, ಆದ್ರ ಅಜ್ಜಿ ಏನೂ ಹೇಳಿಕೊಡಬಾರದು" ಎಂದರಂತೆ. ನನ್ನ ಹೆಸರು ಕೊಪ್ಪಳದವರೆಗೆ ಹೋಗಿತ್ತು.

ಮಂಗಳವಾರ ಹೇಗೋ ಕಳೆಯಿತು. ಗುರುವಾರದಿಂದ ನಾನು ತಲೆ ಕಾಯುವ ಕೆಲಸ ಹಿಡಿದೆ. ಯಾರ ಮನೆಯ ಬಚ್ಚಲಿನಿಂದ ಹೊಗೆ ಎದ್ದರೂ ಹೋಗಿ ಇಣುಕುತ್ತಿದ್ದೆ. "ಮೈಗೆ ನೀರಬೇ ಯಕ್ಕ, ತಲಿಗಲ್ಲ" ಎಂದು ಒಳಗಿನಿಂದ ಕೂಗುತ್ತಿದ್ದರು. ಇಬ್ಬರು ನನ್ನ ನೆರಳು ಕಂಡರೆ ಸೆರಗು ಸರಿಸಿ ತಲೆ ತೋರಿಸುವುದನ್ನು ರೂಢಿ ಮಾಡಿಕೊಂಡರು. ಇದರ ನಡುವೆ ಕುಷ್ಟಗಿಯಲ್ಲಿ ನನ್ನ ತಂಗಿಯ ಬಸುರಿ ಮಗಳಿಗೆ ಕುಬುಸದ ಕಾರ್ಯ. ಹೋಗದೆ ಇರುವಂತಿಲ್ಲ. ಎಲ್ಲರೂ ಹೂವು ಮುಡಿದು ಓಡಾಡುವಾಗ ನಾನು ಆ ಸೆಕೆಯಲ್ಲಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಒಂದು ಬೆರಳನ್ನು ಸೆರಗಿನೊಳಗೆ ಬಿಟ್ಟು ಕೆರೆದುಕೊಳ್ಳುತ್ತ ಕೂತಿದ್ದೆ. ಬೀಗಿತ್ತಿಯೊಬ್ಬಳು ಪಕ್ಕಕ್ಕೆ ಸರಿದು ಕಿವಿಯಲ್ಲಿ, "ಯಾವ ದೇವರಿಗೆ ಹರಕಿ ಹೊತ್ತೀರಿ?" ಎಂದಳು. "ಕೊಪ್ಪಳದ ಕಾಲೇಜಿನ ದೇವರಿಗೆ" ಎಂದೆ. "ಬೇಡಿದ್ದು ಕೊಡತೈತೇನ್ರಿ?" ಎಂದಳು. "ಶನಿವಾರ ಗೊತ್ತಾಕ್ಕೈತಿ" ಎಂದೆ. ಅವಳು ಕೈ ಮುಗಿದಳು.

ಶನಿವಾರ ಹಂಡೆ ತುಂಬ ನೀರು ಕಾಯಿಸಿದೆವು. ಹೆಂಗಸರು ಬಂದರು. ಅಂಥ ತಲೆಗಳನ್ನು ಕಂಡು ನನಗೆ ಎದೆ ತುಂಬಿ ಬಂತು. ಒಬ್ಬೊಬ್ಬರೇ ಬಚ್ಚಲಿಗೆ ಹೋಗಿ, ತೊಳೆದುಕೊಂಡು ಬಂದು ಮೇಡಂ ಮುಂದೆ ಕೂತರು, ನಾನೂ ತೊಳೆದುಕೊಂಡು ಬಂದೆ. ಪಲ್ಲವಿ ಎಲ್ಲರ ಕೂದಲಿಗೆ ಹಣಿಗೆ ಹಾಕಿ ಬಾಚಿ ನೋಡಿದಳು. ನಾನು ಬಾಯಿಗೆ ಎಲೆ ಅಡಿಕೆ ತುಂಬಿಕೊಂಡು ಕಂಬಕ್ಕೆ ಒರಗಿ ನಿಂತೆ, ಮಾತು ಹೊರಗೆ ಬರಬಾರದೆಂದು. ಕಡೆಗೆ ಮೇಡಂ, "ನೀಲಮ್ಮಾರ, ಇದ್ದದ್ದು ಇದ್ದಂಗ ಹೇಳ್ರಿ" ಎಂದರು.

ನೀಲಮ್ಮ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ನನ್ನ ಕಡೆ ಒಮ್ಮೆ ನೋಡಿದಳು. "ಹೇಳ್ತೀನಿ, ಈ ಯಕ್ಕ ಬೇಜಾರ ಮಾಡ್ಕೊಂಡ್ರ ಮಾಡ್ಕೊಳ್ಳಲಿ. ನೊರಿ ಕಡಿಮಿ. ನನ್ನಂಥಾ ತಲಿಗೆ ಎರಡ ಸಲ ಹಾಕಬೇಕಾತು. ವಾಸನಿ ಒಂಥರಾ ಐತಿ, ಹಸಿ ಸೊಪ್ಪಿನ್ಹಂಗ. ಕಣ್ಣಿಗೆ ಹೋದ್ರ ಉರೀತೈತಿ."

ನನ್ನ ಬಾಯಿಯೊಳಗಿನ ಎಲೆ ಅಡಿಕೆ ಗಂಟಲಿಗೆ ಹೋಯಿತು. ಪಲ್ಲವಿ ನೆಲ ನೋಡುತ್ತ ನಿಂತಳು.

"ಆದ್ರ," ಎಂದಳು ನೀಲಮ್ಮ, "ವಾರದ ಜಿಡ್ಡು ಒಂದೀಟೂ ಉಳದಿಲ್ಲ. ಹಣಿಗಿ ಸಿಕ್ಕ ಬೀಳವಲ್ದು. ಪಾಕೀಟಿನ ಶಾಂಪೂ ಹಾಕ್ಕೊಂಡ ದಿನ ತಲಿ ಹುಲ್ಲಿನ್ಹಂಗ ಒಣಗತಿತ್ತು, ಇದು ಹಂಗ ಇಲ್ಲ. ನಮ್ಮ ಮನಿಗೆ ಒಂದ ಬಾಟ್ಲಿ ಇಡ್ರಿ."

ಉಳಿದವರೂ ತಮಗೆ ಕಂಡದ್ದನ್ನು ಕಂಡಂತೆ ಹೇಳಿದರು. ಮೇಡಂ ಮುಖ ಅರಳುತ್ತ ಹೋಯಿತು. ಹೊಗಳಿಕೆಗೆ ಅಲ್ಲ, ದೂರಿಗೆ. ಇದು ನಿಜವಾಗಿ ತಲೆ ತೊಳೆದುಕೊಂಡವರು ಆಡುವ ಮಾತು, ಇದನ್ನು ಯಾರ ಮುಂದೆಯಾದರೂ ಇಡಬಹುದು ಎಂದು ಪಲ್ಲವಿಗೆ ಹೇಳಿದರು. ಆಮೇಲೆ ಹೆಂಗಸರೆಲ್ಲ ಒದ್ದೆ ಕೂದಲಿನಲ್ಲೇ ಕ್ರೂಸರ್ ಗಾಡಿ ಹತ್ತಿ ಹುಲಿಗೆಮ್ಮನ ಗುಡಿಗೆ ಹೋದರು. ಮೇಡಂ ಅವರನ್ನೂ ಕೊಪ್ಪಳದವರೆಗೆ ಅದರಲ್ಲೇ ಕೂರಿಸಿಕೊಂಡರು.

ಹೊರಗಿನ ಪರೀಕ್ಷಕರು ಬಂದದ್ದು ಇವತ್ತು. ನೊರೆ ಕಡಿಮೆ ಯಾಕೆ ಎಂದು ಕೇಳಿದರಂತೆ. ಪಲ್ಲವಿ, ನೊರೆ ಬರಿಸಲು ಬೇರೆ ರಾಸಾಯನಿಕ ಸೇರಿಸಿಲ್ಲ, ಅಂಟವಾಳದ್ದೇ ನೊರೆ, ಕೊಳೆ ಹೋಗಲು ಅಷ್ಟು ಸಾಕು ಎಂದು ಹೇಳಿ ಅವರೆದುರಿಗೇ ಮಸಿಯ ಹನಿ ಬಿಟ್ಟು ತೋರಿಸಿದಳಂತೆ. ಮಸಿ ಸುಮ್ಮನೆ ಕೆಳಗಿಳಿಯಿತಂತೆ.

ಸಂಜೆ ನಾನೇ ಗೋಧಿ ಹುಗ್ಗಿ ಮಾಡಿದೆ. ಮಂಜುಳಾ ಮಾಡುತ್ತೇನೆ ಎಂದಳು, ಬಿಡಲಿಲ್ಲ. ಮಗ ಮೋಟಾರು ರಿಪೇರಿಯ ಅಂಗಡಿಯನ್ನು ಬೇಗ ಮುಚ್ಚಿಕೊಂಡು ಬಂದ. ಪಲ್ಲವಿ ಬಸ್ಸಿಳಿದು ಬಂದಳು. ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ತಾಟು ಹಾಕಿಕೊಂಡು ಕೂತೆವು, ಹುಗ್ಗಿಯ ಮೇಲೆ ತುಪ್ಪ ಬಿತ್ತು. ಎರಡನೆಯ ತುತ್ತಿಗೆ ಯಜಮಾನರು ಕೈ ತಡೆದರು. ಬೆರಳಿನಲ್ಲಿ ಏನನ್ನೋ ಹಿಡಿದು ಮೆಲ್ಲಗೆ ಎಳೆದರು. ಎಳೆದಷ್ಟೂ ಬಂತು. ಉದ್ದದ ಬೆಳ್ಳಿ ಕೂದಲು. ಮನೆಯಲ್ಲಿ ಬಿಳಿ ಕೂದಲಿರುವವರು ಇಬ್ಬರು, ಅವರಲ್ಲಿ ಒಬ್ಬರಿಗೆ ಅಷ್ಟು ಉದ್ದ ಬೆಳೆಯುವ ಸಾಧ್ಯತೆಯೇ ಇಲ್ಲ. ಎಲ್ಲರೂ ನನ್ನ ಕಡೆ ನೋಡದಿರಲು ಪಾಡುಪಟ್ಟರು.

ಪಲ್ಲವಿ ಅದನ್ನು ಅಜ್ಜನ ಕೈಯಿಂದ ಇಸಿದುಕೊಂಡು, ನೀರಿನಲ್ಲಿ ಅದ್ದಿ, ದೀಪಕ್ಕೆ ಹಿಡಿದು, ಎರಡೂ ತುದಿ ಜಗ್ಗಿ ನೋಡಿದಳು. "ಹರಿಯವಲ್ದು ಅಮ್ಮ, ಭಾಳ ಗಟ್ಟಿ ಐತಿ. ಮತ್ತ ಹೊಳಪ ನೋಡು" ಎಂದಳು. ಮಗನೂ ನೋಡಿದ, ಸೊಸೆಯೂ ನೋಡಿದಳು. ಯಜಮಾನರು ಹೌದು ಹೌದು ಎಂದು ತಲೆ ಆಡಿಸುತ್ತ ಹುಗ್ಗಿ ಮುಂದುವರಿಸಿದರು. ಮದುವೆಯಾಗಿ ಬಂದಾಗಿನಿಂದ ಈ ಮನೆಗೆ ಅಡುಗೆ ಮಾಡಿ ಹಾಕಿದ್ದೇನೆ, ಆಗೊಮ್ಮೆ ಈಗೊಮ್ಮೆ ಕೂದಲೂ ಬಿದ್ದಿದೆ. ಅದನ್ನು ಕೈಯಿಂದ ಕೈಗೆ ಸಾಗಿಸಿ ಮೆಚ್ಚಿಕೊಂಡು ಊಟ ಮಾಡಿದ್ದು ಇದೇ ಮೊದಲು. ನಾನು ಎಲ್ಲರಿಗೂ ಇನ್ನೊಂದೊಂದು ಸೌಟು ಬಡಿಸಿದೆ, ಬಡಿಸುವ ಮೊದಲು ಮಾತ್ರ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.