ದಿನಕ್ಕೊಂದು ಒಲ್ಲೆ

ಕೆಲವರು ಹುಟ್ಟುವಾಗಲೇ ಧೈರ್ಯವನ್ನು ಜೊತೆಗೆ ತಂದಿರುತ್ತಾರೆ. ನಾನು ತಂದದ್ದು ‘ಹೂಂ’ ಎನ್ನುವ ಒಂದೇ ಶಬ್ದ. ಹುಟ್ಟಿದ ಕೂಡಲೇ ಅಳುವುದನ್ನು ಬಿಟ್ಟು ಹೂಂ ಎಂದೆನೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಆಕೆ ಹೇಳಿದಾಗಲೂ ನಾನು ಹೂಂ ಎಂದುಬಿಟ್ಟದ್ದರಿಂದ ಅದು ನಿಜವೋ ಸುಳ್ಳೋ ವಿಚಾರಿಸುವುದು ಉಳಿದೇ ಹೋಯಿತು. ಇಂಥವನಿಗೆ ಭೀಮರಾವ ಎಂದು ಹೆಸರಿಟ್ಟದ್ದು ಹಿರಿಯರ ಅವಸರ. ಧಾರವಾಡ ಬಿಟ್ಟು ಪುಣೆಗೆ ಬಂದದ್ದೂ ಯಾರೋ ಬಾ ಎಂದದ್ದಕ್ಕೆ. ಲಷ್ಕರ ಎನ್ನುವ ದಂಡುಪ್ರದೇಶದ ಕಡೆಯ ಒಂದು ಕಚೇರಿಯಲ್ಲಿ ಕಾರಕೂನಿಕೆ, ಪೇಟೆಯ ವಾಡೆಯೊಂದರಲ್ಲಿ ಎರಡು ಖೋಲಿಯ ಬಿಡಾರ, ಮತ್ತು ಇವೆರಡರ ನಡುವಿನ ದಾರಿಯುದ್ದಕ್ಕೂ ಚಿಂತೆ. ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಓಣಿಯ ತುದಿಯಿಂದ ಮರಳಿ ಬಂದು ಮತ್ತೊಮ್ಮೆ ಜಗ್ಗಿ ನೋಡುವ ಜಾತಿಯವನು ನಾನು. ಒಂದು ಸಲ ಹೆಂಡತಿ ಒಳಗಿರುವಾಗಲೇ ಹೀಗೆ ಮಾಡಿ ಕಚೇರಿಗೆ ಹೋಗಿದ್ದೆ. ಅದನ್ನು ಇಲ್ಲಿ ವಿಸ್ತರಿಸುವುದು ಬೇಡ.

ಹೂಂ ಎನ್ನುತ್ತ ಹೇಗೋ ಅರ್ಧ ಆಯುಷ್ಯ ಕಳೆದಿತ್ತು. ಆದರೆ ನಮ್ಮ ಹೆಡ್ ಕ್ಲಾರ್ಕು ವಾಮನರಾಯರು ಒಂದು ದಿನ ನನ್ನ ಟೇಬಲ್ಲಿಗೆ ತಾವಾಗಿಯೇ ಬಂದು, ನನ್ನ ಮಗಳು ಕಮಲೆಯನ್ನು ತಮ್ಮ ಹೆಂಡತಿಯ ತಮ್ಮನಿಗೆ ತಂದುಕೊಳ್ಳುವ ವಿಚಾರವಿದೆ ಎಂದರು. ವರ ದೌಂಡದಲ್ಲಿ ರೇಲ್ವೆ ಗೂಡ್ಸ್ ಕ್ಲಾರ್ಕು. ಮೊದಲನೆಯ ಹೆಂಡತಿ ತೀರಿಕೊಂಡಿದ್ದಳು. ವಯಸ್ಸಿನಲ್ಲಿ ಅವನಿಗೂ ನನಗೂ ಬಹಳ ಫರಕಿರಲಿಲ್ಲ. ಇದ್ದ ಸ್ವಲ್ಪ ಫರಕೂ ಯಾರ ಕಡೆಗೆ ಎಂಬುದು ನಿರ್ಧಾರವಾಗಿರಲಿಲ್ಲ. ಇಂಥ ಅಳಿಯ ಎದುರಿಗೆ ಬಂದರೆ ಯಾರು ಯಾರ ಕಾಲಿಗೆರಗಬೇಕು ಎಂದು ನಾನು ಯೋಚಿಸುತ್ತಿರುವಾಗಲೇ ರಾಯರು ‘ಅವಸರಿಲ್ಲ, ಮುಂದಿನ ತಿಂಗಳು ಮನೀಗೆ ಬಂದು ಹೇಳು’ ಎಂದು ಹೋದರು. ಬಾಯಿಗೆ ಬಂದಿದ್ದ ಹೂಂ ಅನ್ನು ನಾನು ಅಂದು ನುಂಗಿದ್ದೇ ದೊಡ್ಡದು. ಕಮಲೆ ಆಗ ಮ್ಯಾಟ್ರಿಕ್ ಓದುತ್ತಿದ್ದಳು. ವರನ ವರ್ಣನೆಯನ್ನೆಲ್ಲ ಕೇಳಿದ ಮೇಲೆ ಆಕೆ ಅತ್ತು ಕರೆದು ಮಾಡಲಿಲ್ಲ. “ನಿಮಗ ಗೆಳೆಯ ಆಗ್ಲಿಕ್ಕೆ ಭಾಳ ಛಲೋ ಇದ್ದಾರ ಬಿಡ್ರಿ, ಅಪ್ಪಾ,” ಎಂದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

ಉಪಾಯ ಹೇಳಿದವಳು ನನ್ನ ಹೆಂಡತಿ ಗಂಗಾ. “ಒಮ್ಮೆಲೇ ರಾಯರ ಎದುರು ನಿಂತು ಒಲ್ಲೆ ಅನ್ನೂದು ನಿಮ್ಮಿಂದ ಆಗೂದಿಲ್ಲ. ತಾಲೀಮಿಗೆ ಹೋಗೋ ಹುಡುಗೂರು ಮೊದಲನೇ ದಿನಾನ ಕುಸ್ತಿ ಹಿಡೀತಾರೇನು? ದಿನಾ ಬೈಠಕ್ ಹೊಡೀತಾರ. ನೀವೂ ದಿನಕ್ಕ ಒಬ್ಬರಿಗೆ ಒಲ್ಲೆ ಅನ್ರಿ, ರೂಢಿ ಆಗತದ.” ನಾನು ಹೂಂ ಎಂದೆ.

ಮೊದಲ ಬೈಠಕ್ಕುಗಳು ಸಲೀಸಾಗಿ ಆದವು. ಕಾಯಿಪಲ್ಯದ ಮಂಡಿಯಲ್ಲಿ ಬಾಡಿದ ಬದನೆಕಾಯಿಯನ್ನು ಚೀಲಕ್ಕೆ ತುರುಕಲು ಬಂದ ಮುದುಕಿಗೆ ‘ನಕೋ’ ಎಂದೆ. ಮೀಸೆಯನ್ನು ಹೊಸ ಮಾದರಿಗೆ ತರುತ್ತೇನೆಂದ ಕ್ಷೌರದವನಿಗೆ ‘ನಕೋ’ ಎಂದೆ. ಟಾಂಗಾದವನಿಗೂ ಅದನ್ನೇ ಹೇಳಿ ಎದೆಯುಬ್ಬಿಸಿಕೊಂಡು ಮನೆಗೆ ಬಂದರೆ ಗಂಗಾ ಇವು ಯಾವುವೂ ಲೆಕ್ಕಕ್ಕಿಲ್ಲ ಎಂದಳು. ರಾಯರು ಬೆಳಗಾವಿಯ ಕಡೆಯ ಕನ್ನಡದವರು. ಅವರಿಗೆ ಮರಾಠಿಯಲ್ಲಿ ಹೇಳಲಾಗುತ್ತದೆಯೇ? ನನಗೂ ನಿಜವೆನ್ನಿಸಿತು. ಕಲಿತ ಭಾಷೆಯ ‘ನಕೋ’ ಬಾಡಿಗೆಯ ಕೋಟಿನ ಹಾಗೆ. ಹಾಕಿಕೊಂಡು ಎಲ್ಲಿ ಬೇಕಾದರೂ ತಿರುಗಬಹುದು, ಮೈಗೆ ಹತ್ತುವುದಿಲ್ಲ. ತಾಯಿಯ ಹತ್ತಿರ ಕಲಿತ ‘ಒಲ್ಲೆ’ ಮಾತ್ರ ಹೊಟ್ಟೆಯಿಂದ ಏಳಬೇಕು, ಏಳುವಾಗ ಕರುಳನ್ನೂ ಹಿಡಿದೆಳೆಯುತ್ತದೆ.

ಒಲ್ಲೆ ಎನ್ನಿಸಿಕೊಳ್ಳಲು ಕನ್ನಡದವರನ್ನು ಹುಡುಕುವ ಕೆಲಸ ಹೀಗೆ ಶುರುವಾಯಿತು. ನಾನು ಓದುವ ಮೊದಲೇ ನನ್ನ ವರ್ತಮಾನಪತ್ರ ಒಯ್ಯುತ್ತಿದ್ದ ಎದುರಿನ ಬಿಡಾರದ ಶಾಮರಾಯರಿಗೆ, ಇವತ್ತು ಕೊಡಲು ಒಲ್ಲೆ ಎಂದೆ. ಭೀಮರಾವ ಭಾರೀ ಚೇಷ್ಟೆಯ ಮನುಷ್ಯ ಎಂದು ನಗುತ್ತ ಅವರು ಪತ್ರವನ್ನು ಒಯ್ದರು. ಮರುದಿನ ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದೆ. ಮೂರನೆಯ ದಿನ ಅದರ ಮೇಲೆ ಕುಳಿತು ಹೇಳಿದೆ. ವಾರ ಕಳೆಯುವಷ್ಟರಲ್ಲಿ ಅವರು ನನ್ನ ಮುಖ ನೋಡಿ ತಾವೇ ಹಿಂದಿರುಗುವಂತಾಯಿತು. ಆದರೆ ಪಾಪ, ಅವರಿಗೆ ಬೇಸರವಾಗಿರಬಹುದೆಂದು ಸಂಜೆ ನಾನೇ ಹೋಗಿ ಪತ್ರ ಕೊಟ್ಟು ಬರುತ್ತಿದ್ದೆ. ಬಾಯಿ ಕಲಿತದ್ದನ್ನು ಕಾಲು ಇನ್ನೂ ಕಲಿತಿರಲಿಲ್ಲ. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ನೆಗಡಿ ಬಂದು ಮಲಗಿದ ದಿನ, ಬೇರೆ ಯಾರೂ ಸಿಗದೆ, ಗಂಗಾ ತಂದ ಕಷಾಯಕ್ಕೆ ಒಲ್ಲೆ ಎಂದೆ. ಆಕೆ ಶಾಬಾಸ್ ಎಂದು ಕುಡಿಸಿದಳು.

ಕೊನೆಗೆ ಆ ರವಿವಾರ ಬಂತು. ವಾಮನರಾಯರು ಪಡಸಾಲೆಯ ತೂಗುಮಂಚದಲ್ಲಿ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದರು. ನಾನು ಚಾಪೆಯ ಅಂಚಿನಲ್ಲಿ ಕುಳಿತೆ. ಅವರು ಕೇಳುವ ಮೊದಲೇ, ಮರೆತುಹೋದೀತೆಂಬ ಭಯದಿಂದ, “ಈ ಸಂಬಂಧ ನಾ ಒಲ್ಲೆರಿ, ರಾಯರ,” ಎಂದುಬಿಟ್ಟೆ. ಅಂದಿನ ಒಲ್ಲೆ ಮುಗಿಯಿತೆಂದು ನನ್ನ ಮೈ ಹಗುರಾಯಿತು. ರಾಯರು ಮಾತ್ರ ಬಹಳ ಸಂತೋಷಪಟ್ಟರು.

“ಒಮ್ಮೆಲೇ ಹೂಂ ಅಂದಿದ್ರ ನಾನ ವಿಚಾರ ಮಾಡ್ತಿದ್ದೆ,” ಎಂದರು. “ಪಂಕ್ತಿಯೊಳಗ ಹೋಳಿಗೆ ಬಂದಾಗ ಮೊದಲ್ನೇ ಸಲ ಎಲ್ಲಾರೂ ಒಲ್ಲೆ ಅಂತಾರ. ಅದು ರೀತಿ. ಈಗ ಖರೇ ಹೇಳು.”

ಇದನ್ನು ನಾನೂ ಗಂಗಾಳೂ ಯೋಚಿಸಿರಲಿಲ್ಲ. ನಮ್ಮ ಜನರಲ್ಲಿ ಮೊದಲ ಒಲ್ಲೆ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಎಲೆಯ ಮೇಲೆ ಅಡ್ಡ ಬಿದ್ದು ಹೇಳಿದರೆ ಮಾತ್ರ ಬಡಿಸುವವನು ಮುಂದೆ ಹೋಗುತ್ತಾನೆ. ನನ್ನ ತಾಲೀಮು ನಡೆದದ್ದೋ ದಿನಕ್ಕೊಂದರಂತೆ. ಎರಡನೆಯದನ್ನು ನಾಳೆಯ ಪಾಲಿನಿಂದ ಎಳೆದು ಹೇಳಿದೆ. ರಾಯರು ಕಾಲೂರಿ ಮಂಚ ನಿಲ್ಲಿಸಿದರು. ನನ್ನ ಬಡ್ತಿಯ ಕಾಗದ ತಮ್ಮ ಕೈಯಿಂದಲೇ ಮೇಲೆ ಹೋಗಬೇಕೆಂಬುದನ್ನು ಮಳೆ ಬಿಸಿಲಿನ ಮಾತಿನಂತೆ ನೆನಪಿಸಿದರು. ಆಗ ನನ್ನೊಳಗಿಂದ ಬಂದ ಮೂರನೆಯದು ಯಾರ ಪಾಲಿನದೋ ತಿಳಿಯದು. ಅದು ಎಷ್ಟು ದೊಡ್ಡದಾಗಿತ್ತೆಂದರೆ ಅಡಿಗೆಮನೆಯಲ್ಲಿ ಪಾತ್ರೆಗಳ ಸಪ್ಪಳ ನಿಂತಿತು. ನಾನೇ ಹೆದರಿ ಎದ್ದು ಹೊರಬಿದ್ದೆ.

ಅರ್ಧ ಓಣಿ ದಾಟಿದ ಮೇಲೆ ಚಪ್ಪಲಿ ಸಡಿಲವಾಗಿದೆ ಎನ್ನಿಸಿತು. ನೋಡಿದರೆ ರಾಯರದು. ಇಂಥ ಹೊತ್ತಿನಲ್ಲಿ ಶೂರರಾದವರು ಏನು ಮಾಡುತ್ತಾರೋ ಕಾಣೆ, ನಾನು ಮರಳಿ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡು ರಾಯರ ಮುಖ ಅರಳಿತು. “ಬಾರಪಾ, ಬುದ್ಧಿ ಬಂತಲ್ಲ,” ಎಂದರು.

“ಒಲ್ಲೆರಿ,” ಎಂದೆ. “ಚಪ್ಪಲ್ ಬದಲಿ ಆಗ್ಯಾವ.”

ಈ ಒಲ್ಲೆ ಬಂದ ಬಗೆ ನನಗೆ ಇಂದಿಗೂ ಸೋಜಿಗ. ಕರುಳನ್ನು ಹಿಡಿದೆಳೆಯಲಿಲ್ಲ. ಬಾಯಾರಿದಾಗ ನೀರು ಕೇಳಿದಷ್ಟು ಸಹಜವಾಗಿತ್ತು. ರಾಯರು ಮತ್ತೆ ಕೇಳಲಿಲ್ಲ.

ನನ್ನ ಟೇಬಲ್ಲನ್ನು ಹಳೆಯ ದಫ್ತರದ ಕೋಣೆಯ ಬಾಗಿಲಿಗೆ ಸರಿಸಿದರು. ಅಲ್ಲಿ ಗೆದ್ದಲು, ಧೂಳು ಮತ್ತು ನಾನು. ಬಡ್ತಿಯ ಕಾಗದ ಮೇಲೆ ಹೋಗಲೇ ಇಲ್ಲ. ಹೋಗದಿರಲಿ! ಬಡ್ತಿಯಾದವರು ಸಾಹೇಬರ ಮುಂದೆ ಹೂಂ ಎನ್ನುವುದನ್ನು ಇಲ್ಲಿಂದ ಕೇಳಿಸಿಕೊಳ್ಳುತ್ತ ನಾನು ಸುಖವಾಗಿ ಸೀನುತ್ತೇನೆ. ಚಿಂತೆ ಬಿಟ್ಟಿಲ್ಲ, ಬೀಗ ಜಗ್ಗುವುದೂ ನಿಂತಿಲ್ಲ. ಆದರೆ ದಿನದ ಒಲ್ಲೆಯನ್ನೂ ಬಿಟ್ಟಿಲ್ಲ, ಬಿಡುವವನೂ ಅಲ್ಲ.

ಕಮಲೆ ಮ್ಯಾಟ್ರಿಕ್ ಪಾಸಾಗಿ ನದಿಯಾಚೆಯ ಕಾಲೇಜು ಸೇರಿದಳು. ಅಷ್ಟು ದೂರಕ್ಕೆ ಸೈಕಲ್ ಬೇಕೆಂದಳು. ಎಷ್ಟೋ ಸಲ ಒಲ್ಲೆ ಎಂದೆ. ಅದರ ಪರಿಣಾಮವಾಗಿ ಈಗ ದಿನಾ ಬೆಳಗಾಗುತ್ತಲೇ ನಾನು ನದಿಯ ಪಕ್ಕದ ಬಯಲಿನಲ್ಲಿ, ಧೋತರದ ಕಚ್ಚೆ ಬಿಗಿದುಕೊಂಡು, ಆಕೆಯ ಸೈಕಲ್ಲಿನ ಹಿಂಬದಿ ಹಿಡಿದು ಓಡುತ್ತಿರುತ್ತೇನೆ.

“ಕೈ ಬಿಡ್ರಿ, ಅಪ್ಪಾ,” ಎನ್ನುತ್ತಾಳೆ.

“ಒಲ್ಲೆ,” ಎನ್ನುತ್ತೇನೆ, ಇಡೀ ಬಯಲಿಗೆ ಕೇಳುವಂತೆ. ಆಕೆ ಎರಡನೆಯ ಸಲ ಕೇಳುವುದೇ ಇಲ್ಲ, ಪೆಡಲು ತುಳಿಯುತ್ತಾಳೆ. ನನ್ನ ಕೈಯಲ್ಲಿ ಗಾಳಿ ಉಳಿಯುತ್ತದೆ.