ಹದಿನೇಳನೇ ತಿರುವಿನ ಪ್ರಕೃತಿ ವೀಕ್ಷಣೆ

೨೦೦೨ನೇ ಇಸವಿ ಜೂನ್ ಹನ್ನೊಂದರ ಮಂಗಳವಾರ, ಕಣಿಗಿಲಬೆಟ್ಟದ ರಸ್ತೆಯಲ್ಲಿ ವಾಹನ ಸಂಚಾರವೇ ಇಲ್ಲವೆಂಬುದು ಅಧಿಕೃತವಾಗಿ ದಾಖಲಾಯಿತು. ದಾಖಲಿಸಿಕೊಂಡದ್ದು ಚೆನ್ನೈನ ಅಡ್ಯಾರ್‌ನಲ್ಲಿರುವ ಗಿರಿ ಸೈಕಲ್ ಮಾರ್ಗ ಪ್ರಾಧಿಕಾರದ ದಕ್ಷಿಣ ವಲಯ ಕಚೇರಿ. ಆಧಾರ ಒದಗಿಸಿದ್ದು ಅಲ್ಲಿನ ಹಿರಿಯ ಸಹಾಯಕ ಚಂದ್ರಶೇಖರ.

ಚಂದ್ರಶೇಖರ ಮಂಡ್ಯ ಕಡೆಯವನು, ವರ್ಗವಾಗಿ ಚೆನ್ನೈಗೆ ಬಂದು ಮೂರು ವರ್ಷವಾಗಿತ್ತು. ಸುಳ್ಳು ಬರೆಯುವವನಲ್ಲ. ಬೆಟ್ಟದ ಬುಡದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಬೆಳಗಿನ ಆರರಿಂದ ಸಂಜೆ ಆರರವರೆಗೆ ಹೋಗಿಬಂದ ವಾಹನಕ್ಕೊಂದು ಗೀಟು ಎಳೆಯುವುದು ಅವನಿಗೆ ಒಪ್ಪಿಸಿದ ಕೆಲಸ. ಅವತ್ತು ಒಂದು ಗೀಟೂ ಬೀಳಲಿಲ್ಲ. ಆ ರಸ್ತೆಯಲ್ಲಿ ದಿನಕ್ಕೆರಡು ಸಲ ಓಡಾಡುವ ಒಂದೇ ಒಂದು ಬಸ್ಸು ಆಕ್ಸಲ್ ಮುರಿದುಕೊಂಡು ಅವನ ಕುರ್ಚಿಯ ಪಕ್ಕದಲ್ಲೇ ನಿಂತಿತ್ತು. ಬಿಸಿಲು ಏರಿದಾಗ ಅವನು ಅದರ ನೆರಳಿಗೆ ಕುರ್ಚಿ ಎಳೆದುಕೊಂಡು ಕೆಲಸ ಮುಂದುವರಿಸಿದ. ನಮೂನೆಯಲ್ಲಿ ‘ಚಲಿಸಿದ ವಾಹನಗಳು’ ಎಂಬ ಕಾಲಂ ಇತ್ತೇ ಹೊರತು ನಿಂತ ವಾಹನಗಳಿಗೆ ಕಾಲಂ ಇರಲಿಲ್ಲ. ಸೊನ್ನೆ ಬರೆದು ಸಹಿ ಹಾಕಿದ.

ಸೊನ್ನೆ ಬಂದ ಮೇಲೆ ಉಳಿದದ್ದೆಲ್ಲ ಸಲೀಸು. ಪ್ರಾಧಿಕಾರದ ಪ್ರಕಟಣೆ ಹೊರಬಿತ್ತು:

“ಕಣಿಗಿಲಬೆಟ್ಟದ ಇಪ್ಪತ್ತೆರಡು ಕಿಲೋಮೀಟರ್ ಅರಣ್ಯ ರಸ್ತೆಯನ್ನು ವಾಹನಮುಕ್ತ ಸೈಕಲ್ ಮಾರ್ಗವೆಂದು ಘೋಷಿಸಲಾಗಿದೆ. ಈ ಮಾರ್ಗದಲ್ಲಿ ವಾಹನಗಳು ಇಲ್ಲದಿರುವುದರಿಂದ ಇನ್ನು ಮುಂದೆ ವಾಹನಗಳು ಬರತಕ್ಕದ್ದಲ್ಲ. ಸೈಕಲ್ ತುಳಿಯುವವರು ಇಪ್ಪತ್ತೇಳು ತಿರುವುಗಳ ಪೈಕಿ ಪ್ರತಿಯೊಂದರಲ್ಲೂ ಐದು ನಿಮಿಷ ನಿಂತು ಪ್ರಕೃತಿ ವೀಕ್ಷಿಸತಕ್ಕದ್ದು. ಸೈಕಲ್ಲುಗಳನ್ನು ಹೊತ್ತು ತರುವ ಸಹಾಯಕ ವಾಹನಗಳನ್ನು ವಾಹನಗಳೆಂದು ಪರಿಗಣಿಸತಕ್ಕದ್ದಲ್ಲ.”

ಕೊನೆಯ ವಾಕ್ಯ ನಿರ್ದೇಶಕ ವಿಷ್ಣುತೀರ್ಥರು ತಾವೇ ಸೇರಿಸಿದ್ದು. ಬೆಟ್ಟದ ನೆತ್ತಿಯ ಮೇಲೆ ಅವರ ಭಾವಮೈದುನ ಅದೇ ವರ್ಷ ರೆಸಾರ್ಟ್ ಕಟ್ಟಿಸಿದ್ದು ಕಾಕತಾಳೀಯ. ಶನಿವಾರ ಬಂತೆಂದರೆ ತಲೆಯ ಮೇಲೊಂದು ಸೈಕಲ್ ಹೊತ್ತ ನಲವತ್ತು ಕಾರುಗಳು ಹಾರ್ನ್ ಬಾರಿಸುತ್ತ ವಾಹನಮುಕ್ತ ಮಾರ್ಗವನ್ನು ಏರುತ್ತಿದ್ದವು. ಸೈಕಲ್ಲುಗಳು ಭಾನುವಾರ ಸಂಜೆ ಟೈರಿಗೆ ಮಣ್ಣು ಸೋಕದೆ ಚೆನ್ನೈಗೆ ವಾಪಸಾಗುತ್ತಿದ್ದವು. ಇತ್ತ ಬಸ್ಸು ರಿಪೇರಿಯಾಗಿ ಹೊರಟಾಗ ರಸ್ತೆಗೆ ಗೇಟು ಬಿದ್ದಿತ್ತು.

ಜುಲೈ ತಿಂಗಳಲ್ಲಿ ಬೆಟ್ಟದಿಂದ ಚಿಕ್ಕತಾಯಮ್ಮ ಎಂಬ ಹೆಂಗಸು ಅರ್ಜಿ ಹಿಡಿದು ಅಡ್ಯಾರ್‌ಗೆ ಬಂದಳು. ಬೆಟ್ಟದವರ ಮಾತು ಕನ್ನಡ. ಜವಾನ ಅವಳನ್ನು ತಂದು ಚಂದ್ರಶೇಖರನ ಮುಂದೆ ನಿಲ್ಲಿಸಿ ಹೋದ.

“ಬುದ್ಧಿ, ನಮ್ ಬಸ್ಸ ಯಾಕ್ ನಿಲ್ಸಿದ್ರಿ? ಸೊಸೆಗೆ ಏಳು ತಿಂಗ್ಳು ತುಂಬ್ಯದೆ. ಆಸ್ಪತ್ರೆ ಇರೋದು ಬೆಟ್ಟದ ಕೆಳಗೆ. ಮೊದಲ್ನೇ ಕೂಸು ಮನೇಲೇ ಹುಟ್ಟಿ ಮನೇಲೇ ಹೋಗ್ಬುಡ್ತು. ಈ ಸಲ ನೋವು ಕಾಣಿಸ್ತಿದ್ದಂಗೇ ಬಂದ್ಬುಡಿ ಅಂದವ್ರೆ ಡಾಕ್ಟ್ರಮ್ಮ. ಯಾತರಲ್ಲಿ ಬರೋದು?”

ಚಂದ್ರಶೇಖರನಿಗೆ ಕರುಳು ಚುರುಕ್ಕೆಂದಿತು. ಹಾಗೆಂದು ನಿಯಮಕ್ಕೆ ಕರುಳು ಎಲ್ಲಿಂದ ತರುವುದು?

“ಆ ರಸ್ತೇಲಿ ವಾಹನವೇ ಇಲ್ವಲ್ಲಮ್ಮ. ಇಲ್ಲದ ಬಸ್ಸನ್ನ ಮತ್ತೆ ಬಿಡೋದು ಹೇಗೆ?”

“ನೀವು ಅದರ ನೆಳ್ಳಲ್ಲೇ ಕುಂತಿದ್ರಂತೆ.”

“ಕೂತಿದ್ದೆ. ಅದು ಓಡಲಿಲ್ಲ.”

ವಿಷ್ಣುತೀರ್ಥರ ಬಳಿಗೂ ಕರೆದುಕೊಂಡು ಹೋದ. ಅವರ ಮನೆತನ ಚೆನ್ನೈಗೆ ಬಂದು ನಾಲ್ಕು ತಲೆಮಾರಾಗಿತ್ತು, ಕನ್ನಡ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. “ಪಾವಂ ಪಾ ಆಯಮ್ಮ,” ಎಂದು ಮರುಕಪಟ್ಟರು. “ಆದ್ರೆ ಇವತ್ತು ಒಂದು ಬಸ್ ಕೊಟ್ರೆ ನಾಳೆ ಇನ್ನೊಂದು ಕೇಳ್ತಾರೆ. ಪಾರ್ಕಲಾಂ, ನೋಡೋಣ. ಫೈಲ್ ಪುಟ್‌ಅಪ್ ಮಾಡಿ.”

ಮಧ್ಯಾಹ್ನ ಚಂದ್ರಶೇಖರ ಅವಳನ್ನು ಕಚೇರಿಯ ಪಕ್ಕದ ಹೋಟೆಲಿಗೆ ಊಟಕ್ಕೆ ಕರೆದೊಯ್ದ. ಗಲ್ಲಾದ ಮೇಲೆ ಕೂತಿದ್ದ ಐತಪ್ಪ ಪುತ್ತೂರು ಕಡೆಯವನು. ಕಥೆಯೆಲ್ಲ ಕೇಳಿದ. “ಎಂತ ಮಾರಾಯ್ರೆ ಇದು. ಸೈಕಲ್ ಕಟ್ಟಿದ ಕಾರು ಕಾರಲ್ಲ ಅಂತಾದ್ರೆ, ಬಸ್ಸಿನ ತಲೆ ಮೇಲೂ ಒಂದು ಕಟ್ಟಿಬಿಡಿ. ಅದೂ ಬಸ್ಸಲ್ಲ ಅಂತಾಗ್ತದೆ.”

ಐತಪ್ಪ ತಮಾಷೆಗೆ ಹೇಳಿದ್ದ. ಚಂದ್ರಶೇಖರ ಕೈತೊಳೆದು ಹೋಗಿ ಅದನ್ನೇ ಟಿಪ್ಪಣಿಯಾಗಿ ಮಂಡಿಸಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಸ್ವಂತ ಬುದ್ಧಿಯಿಂದ ಬರೆದ ಮೊದಲ ಟಿಪ್ಪಣಿ ಅದು, ಅದೂ ಸ್ವಂತದ್ದಲ್ಲ.

ನಿರ್ದೇಶಕರು ಒಪ್ಪಿದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕಾನೂನು ಶಾಖೆ, ಸುರಕ್ಷತಾ ಶಾಖೆ, ಖರೀದಿ ಶಾಖೆಗಳಲ್ಲಿ ಏಳು ವಾರ ತಂಗಿ, ಫೈಲು ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಹಿಂತಿರುಗಿತು:

“ಬಸ್ಸಿನ ಮೇಲೆ ಒಂದು ಸೈಕಲ್ ಇರತಕ್ಕದ್ದು. ಬಸ್ಸಿನ ಮುಂದೆ ಇನ್ನೊಂದು ಸೈಕಲ್ ಚಲಿಸತಕ್ಕದ್ದು. ಸಹಾಯಕ ವಾಹನವು ತಾನು ಸಹಾಯ ಮಾಡುತ್ತಿರುವ ಸೈಕಲ್ಲನ್ನು ಹಿಂದಿಕ್ಕತಕ್ಕದ್ದಲ್ಲ. ಬಸ್ಸಿನಲ್ಲಿ ಕೂತವರೆಲ್ಲರೂ ಸರದಿ ಕಾಯುತ್ತಿರುವ ಸೈಕಲ್ ಸವಾರರೇ ಆದ್ದರಿಂದ ಹೆಲ್ಮೆಟ್ ಧರಿಸತಕ್ಕದ್ದು.”

ಹೆಲ್ಮೆಟ್ಟುಗಳನ್ನು ಚೆನ್ನೈನ ಸೌಕಾರ್‌ಪೇಟೆಯ ವ್ಯಾಪಾರಿಯೊಬ್ಬ ಪೂರೈಸಿದ. ಅಲ್ಲಿಯವರೆಗೆ ಸ್ಟೀಲ್ ಪಾತ್ರೆ ಮಾರುತ್ತಿದ್ದವನು. ಹೆಲ್ಮೆಟ್ಟಿನ ಒಳಗೆ ‘ಎರಡು ಲೀಟರ್’ ಎಂದು ಕೆತ್ತಿದ್ದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಮೊದಲ ಓಡಾಟ. ರಿಜಿಸ್ಟರು, ಮುದ್ರೆ ಮತ್ತು ಗಡಿಯಾರದೊಂದಿಗೆ ಚಂದ್ರಶೇಖರನನ್ನೇ ಬೆಟ್ಟಕ್ಕೆ ಕಳಿಸಲಾಯಿತು. ಅದೇ ದಿನ ಬೆಳಿಗ್ಗೆ ಚಿಕ್ಕತಾಯಮ್ಮನ ಸೊಸೆಗೆ ನೋವು ಕಾಣಿಸಿಕೊಂಡಿತು. ಹೆಲ್ಮೆಟ್ ಹಾಕಿದ ಹೆಂಗಸರು ಹೆಲ್ಮೆಟ್ ಹಾಕಿದ ಬಸುರಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಒಟ್ಟು ಮೂವತ್ತೊಂದು ಜನ. ಊರಿನಲ್ಲಿ ಸೈಕಲ್ ತುಳಿಯಲು ಬರುತ್ತಿದ್ದವನು ಒಬ್ಬನೇ, ಬಸುರಿಯ ಗಂಡ ಅಂದಾನಿ. ಅವನು ಮುಂದೆ, ಬಸ್ಸು ಹಿಂದೆ.

ಮೊದಲ ತಿರುವಿನಲ್ಲಿ ಅಂದಾನಿ ಇಳಿದು ಪ್ರಕೃತಿ ವೀಕ್ಷಿಸಿದ. ಎರಡನೆಯದರಲ್ಲೂ ವೀಕ್ಷಿಸಿದ. ಆರನೆಯ ತಿರುವಿನಲ್ಲಿ ಚಂದ್ರಶೇಖರನ ಹತ್ತಿರ ಬಂದು ನಿಂತ.

“ಸಾ, ನೋಡ್ದೆ. ಮರ ನೋಡ್ದೆ, ಬಂಡೆ ನೋಡ್ದೆ. ಹುಟ್ಟಿದಾಗಿಂದ ನೋಡ್ತಾವ್ನಿ. ವೋಗುಮಾ?”

“ಇನ್ನೂ ಮೂರು ನಿಮಿಷ ಇದೆಯಪ್ಪ.”

ಒಳಗಿಂದ ನರಳಾಟ ಕೇಳಿಸುತ್ತಿತ್ತು. ಚಂದ್ರಶೇಖರನಿಗೆ ನಾಚಿಕೆಯಾಯಿತು. ತನ್ನ ಮೇಲೇ ಹೇಸಿಗೆಯಾಯಿತೆಂದರೂ ತಪ್ಪಲ್ಲ. ಮುದ್ರೆ ಒತ್ತಿ ಹೊರಡಿ ಎಂದುಬಿಟ್ಟಿದ್ದರೆ ಆ ಕಾಡಿನಲ್ಲಿ ಕೇಳುವ ನರಪಿಳ್ಳೆಯೂ ಇರಲಿಲ್ಲ. ಆದರೆ ರಿಜಿಸ್ಟರಿನಲ್ಲಿ ‘ಬಂದ ಹೊತ್ತು’, ‘ಬಿಟ್ಟ ಹೊತ್ತು’ ಎಂದು ಎರಡು ಕಾಲಂ ಇದ್ದವು. ಅವನು ಗಡಿಯಾರ ನೋಡುತ್ತ ನಿಂತ. ಅಂದಾನಿ ಬೆನ್ನು ತಿರುಗಿಸಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಕಣ್ಣುಮುಚ್ಚಿಕೊಂಡು ಪ್ರಕೃತಿ ನೋಡಿದ.

ಹದಿನೇಳನೇ ತಿರುವಿನಲ್ಲಿ ಗಂಡಸರನ್ನೆಲ್ಲ ಇಳಿಸಿ ಕಿಟಕಿಗಳಿಗೆ ಸೀರೆ ಕಟ್ಟಿದರು. ಬಸ್ಸು ನಿಂತ ಎರಡನೇ ನಿಮಿಷಕ್ಕೆ ಮಗು ಹುಟ್ಟಿತು. ಒಂದು ಗಳಿಗೆ ಸದ್ದೇ ಇಲ್ಲ. ಆಮೇಲೆ ಅತ್ತಿತು. ಅಂದಾನಿ ಸೈಕಲ್ಲನ್ನು ರಸ್ತೆಯ ಮೇಲೇ ಕೆಡವಿ ಬಸ್ಸಿನ ಬಾಗಿಲಿಗೆ ಓಡಿದ. ಚಂದ್ರಶೇಖರನ ಕಣ್ಣಲ್ಲೂ ನೀರು ಬಂತು. ಕಣ್ಣೊರೆಸಿಕೊಂಡು ಉಳಿದ ಮೂರು ನಿಮಿಷ ಕಾದ.

ಚೆನ್ನೈನಲ್ಲಿ ರಿಜಿಸ್ಟರು ಪರಿಶೀಲನೆಗೆ ಬಂದಾಗ ಹತ್ತಿದವರು ಮೂವತ್ತೊಂದು, ಇಳಿದವರು ಮೂವತ್ತೆರಡು, ಹೆಲ್ಮೆಟ್ ಮೂವತ್ತೊಂದು ಎಂದಿತ್ತು. ನಡುದಾರಿಯಲ್ಲಿ ಹೆಲ್ಮೆಟ್ ಇಲ್ಲದೆ ಸೇರ್ಪಡೆಯಾದ ಸವಾರನ ಬಗ್ಗೆ ವಿವರಣೆ ಕೇಳಿ ಮೆಮೊ ಬಂತು. ಚಂದ್ರಶೇಖರ ನಡೆದದ್ದನ್ನು ನಡೆದ ಹಾಗೆ ಬರೆದ. ಪ್ರಾಧಿಕಾರ ಕಲ್ಲುಮನಸ್ಸಿನದೇನಲ್ಲ. ತಕ್ಷಣ ನಿಯಮ ತಿದ್ದಿ ಶಿಶು ಅಳತೆಯ ಹೆಲ್ಮೆಟ್ಟಿಗೆ ಟೆಂಡರ್ ಕರೆಯಿತು. ಸೌಕಾರ್‌ಪೇಟೆಯ ವ್ಯಾಪಾರಿಯ ಬಳಿ ಅರ್ಧ ಲೀಟರಿನ ದಾಸ್ತಾನು ಸಿದ್ಧವಾಗಿಯೇ ಇತ್ತು.

ಮರುವರ್ಷ ಏಪ್ರಿಲ್‌ನಲ್ಲಿ ಚಿಕ್ಕತಾಯಮ್ಮ ಮತ್ತೆ ಅಡ್ಯಾರ್‌ಗೆ ಬಂದಳು. ಚಂದ್ರಶೇಖರನಿಗೆಂದು ಎರಡು ಸೇರು ಸಾಮೆ ತಂದಿದ್ದಳು. ಮೊಮ್ಮಗ ಗುಂಡುಗುಂಡಗಿದ್ದಾನೆ ಎಂದಳು. ಅವನಾದ ಮೇಲೆ ಊರಿನ ಇನ್ನೂ ಮೂರು ಹೆರಿಗೆ ಬಸ್ಸಿನಲ್ಲೇ ಆದವು, ಒಂದು ಕೂಸು ಉಳಿಯಲಿಲ್ಲ ಎಂದಳು. ಕೈಯಲ್ಲಿ ಹೊಸ ಅರ್ಜಿ ಇತ್ತು.

ಚಂದ್ರಶೇಖರ ದನಿ ತಗ್ಗಿಸಿದ. “ತಿರುವಿನಲ್ಲಿ ನಿಲ್ಲಿಸೋದು ಬೇಡ, ಬಸ್ಸು ಸೀದಾ ಬಿಡಿ ಅಂತ ಬರೆಸಿದ್ದೀರಾ? ಬರೆಸಿ. ಈ ಸಲ ನಾನೇ ಮೇಲಿನವರ ಹತ್ರ ಮಾತಾಡ್ತೀನಿ.”

“ಅಯ್ಯೋ ಬ್ಯಾಡಿ ಬುದ್ಧಿ. ಈಗ ರೂಢಿ ಆಗ್ಯದೆ. ನಿಲ್ಲದೆ ಇಳುದ್ರೆ ಎಲ್ಲಾರ್ಗೂ ತಲೆ ಸುತ್ತದೆ. ನಿಮ್ಮಿಂದ ಬಸ್ಸಾದ್ರೂ ಬಂತು, ಅಷ್ಟ್ ಸಾಕು. ಹದಿನೇಳ್ನೇ ತಿರುವಲ್ಲಿ ಒಂದು ಸೂರು ಹಾಕ್ಸ್ಕೊಡಿ. ಹೆಂಗಿದ್ರೂ ಅಲ್ಲಿಗ್ ಬರೋ ಹೊತ್ಗೆ ಆಗೋಯ್ತದೆ. ಮಳೇಲಿ ಕೂಸು ನೆನೀತವೆ.”

ವಿಷ್ಣುತೀರ್ಥರಿಗೆ ಬಹಳ ಸಂತೋಷವಾಯಿತು. ಸಾರ್ವಜನಿಕರೇ ಮುಂದೆ ಬಂದು ಪ್ರಕೃತಿ ವೀಕ್ಷಣಾ ಮಂಟಪ ಕೇಳಿದ್ದು ಪ್ರಾಧಿಕಾರದ ಇತಿಹಾಸದಲ್ಲಿ ಅದೇ ಮೊದಲು. ಕೂಡಲೇ ಮಂಜೂರು ಮಾಡಿ, ಜೊತೆಗೆ ಬೆಟ್ಟದ ಕೆಳಗಿನ ಆಸ್ಪತ್ರೆಯಿಂದ ಬಂದಿದ್ದ ಒಂದು ಪತ್ರವನ್ನೂ ಅದೇ ಫೈಲಿಗೆ ಸೇರಿಸಿದರು. ಕಣಿಗಿಲಬೆಟ್ಟದಿಂದ ಬರುವವರೆಲ್ಲ ಈಚೆಗೆ ಹೆತ್ತುಕೊಂಡೇ ಬರುತ್ತಿರುವುದರಿಂದ ಹೆರಿಗೆ ಕೋಣೆ ಖಾಲಿ ಬಿದ್ದಿದೆ, ಅದನ್ನು ಮುಚ್ಚಿ ಹೆಲ್ಮೆಟ್ ಉಗ್ರಾಣಕ್ಕೆ ಬಿಟ್ಟುಕೊಡಲು ಅಭ್ಯಂತರವಿಲ್ಲ ಎಂದು ಅದರಲ್ಲಿತ್ತು. ವ್ಯಾಪಾರಿಯೂ ಒಪ್ಪಿದ್ದ. ಬೆಟ್ಟದವರ ಒಪ್ಪಿಗೆಯೊಂದು ಬಾಕಿಯಿತ್ತು.

ಚಂದ್ರಶೇಖರ ಪತ್ರವನ್ನು ಚಿಕ್ಕತಾಯಮ್ಮನಿಗೆ ಒಂದಕ್ಷರ ಬಿಡದೆ ಓದಿ ಹೇಳಿದ. ನಡುವೆ ಒಮ್ಮೆ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ‘ಆಕ್ಷೇಪಣೆ ಇಲ್ಲ’ ಎಂಬಲ್ಲಿ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಸೂರು ಮಳೆಗಾಲಕ್ಕೆ ಮುಂಚೆ ಆಗುತ್ತದೆಯೇ ಎಂದು ಕೇಳಿದಳು. ಚಂದ್ರಶೇಖರ ಆಗುತ್ತದೆ ಎಂದ.