ಹೊಸಬರ ಅಖಾಡದಲ್ಲಿ ಮೇಷ್ಟ್ರು

ಫೋನಿನಲ್ಲಿ ಚದುರಂಗ ಆಡಿ ಜಗತ್ತನ್ನೇ ಮಣಿಸುವುದೆಂದು ಪಿ.ಟಿ. ಮೇಷ್ಟ್ರು ತೀರ್ಮಾನಿಸಿದ್ದು ಬಾಯಿತುಂಬ ಟೂತ್‌ಪೇಸ್ಟ್ ನೊರೆ ಇರುವಾಗ. ಶಾಲೆಯ ಸ್ಟಾಫ್ ರೂಮಿನಲ್ಲಿ ಅವರನ್ನು ಸೋಲಿಸುವವರು ಇರಲಿಲ್ಲ. ನಿಜ ಹೇಳಬೇಕೆಂದರೆ ಅವರ ಜೊತೆ ಆಡುವವರೇ ಇರಲಿಲ್ಲ. ಡ್ರಾಯಿಂಗ್ ಮೇಷ್ಟ್ರೊಬ್ಬರು ಬರುತ್ತಿದ್ದರು; ಅವರಿಗೆ ಕುದುರೆಗೆ ಕಾಲೇ ಇಲ್ಲವಲ್ಲ ಎಂಬುದೇ ದೊಡ್ಡ ಚಿಂತೆ.

"ಇಡೀ ಪ್ರಪಂಚ ಫೋನಲ್ಲಿ ಚೆಸ್ ಆಡುತ್ತಂತೆ ಕಣೇ. ನಾನು ಇಳಿದುಬಿಟ್ರೆ ಪ್ರಪಂಚದ ಗತಿ ಏನು ಅಂತ ಯೋಚನೆ."

"ಪ್ರಪಂಚದ ಗತಿ ಆಮೇಲೆ ನೋಡಿ. ಮೊದಲು ಬಾಯಿ ತೊಳ್ಕೊಳ್ಳಿ, ನನ್ನ ಯೂನಿಫಾರ್ಮ್ ಮೇಲೆ ನೊರೆ ಬೀಳುತ್ತೆ" ಎಂದಳು ಹೆಂಡತಿ. ಆಕೆ ಆಸ್ಪತ್ರೆಯಲ್ಲಿ ನರ್ಸು. ಇಸ್ತ್ರಿಪೆಟ್ಟಿಗೆ ಕೈಯಲ್ಲಿದ್ದಾಗ ಆಕೆಯೊಂದಿಗೆ ವಾದಕ್ಕಿಳಿಯುವ ಧೈರ್ಯ ಮೇಷ್ಟ್ರಿಗೂ ಇರಲಿಲ್ಲ.

ಆಟ ಫೋನಿಗೆ ಇಳಿಯಿತು. ಹೆಸರು ಕೇಳಿತು, ‘ಚಕ್ರವರ್ತಿ’ ಎಂದು ಕೊಟ್ಟರು. ನೀವು ಹೊಸಬರೋ, ಅಭ್ಯಾಸ ಇದ್ದವರೋ, ಪಳಗಿದವರೋ ಎಂದು ಕೇಳಿತು. ಇದೂ ಒಂದು ಕೇಳುವ ಮಾತೇ? ‘ಪಳಗಿದವರು’ ಎಂಬುದನ್ನು ಒತ್ತಿದರು. ಕಾಲಾಳೆರಡನ್ನು ಮುಂದಿಟ್ಟು, ಮೀಸೆ ತೀಡಿ, ಕಾಫಿ ಲೋಟಕ್ಕೆ ಕೈಚಾಚುವಷ್ಟರಲ್ಲಿ ಎದುರಾಳಿ ಇವರ ರಾಜನನ್ನು ಕಟ್ಟಿಹಾಕಿ ಹೊರಟೇ ಹೋಗಿದ್ದ. ಎರಡನೆಯವನು ಮಂತ್ರಿಯನ್ನು ನುಂಗಿ ನಗುಮುಖದ ಚಿತ್ರ ಕಳಿಸಿದ. ಮೂರನೆಯ ಆಟದಲ್ಲಿ ಮೇಷ್ಟ್ರು ಆಳವಾಗಿ ಯೋಚಿಸಲೆಂದು ಸ್ನಾನಕ್ಕೆ ಹೋದರು. ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಹೊತ್ತು ಮೀರಿ ಸೋತಿದ್ದರು.

ದಿನಾ ಬೆಳಗ್ಗೆ ಮಕ್ಕಳನ್ನು ಮೈದಾನದಲ್ಲಿ ಬಿಸಿಲಿಗೆ ನಿಲ್ಲಿಸಿ, "ಸರಿಸಮಾನರ ಜೊತೆ ಆಡ್ರೋ, ಕೈಲಾಗದವರ ಮೇಲೆ ಪೌರುಷ ತೋರಿಸ್ಬೇಡಿ" ಎಂದು ಭಾಷಣ ಬಿಗಿಯುವವರು ಇವರೇ. ಆದರೆ ಮೈದಾನದಲ್ಲಿ ನೋಡುವ ಕಣ್ಣುಗಳಿರುತ್ತವೆ. ಫೋನಿನಲ್ಲಿ ಯಾರಿದ್ದಾರೆ? ಒಬ್ಬ ಮನುಷ್ಯನ ಯೋಗ್ಯತೆ ತಿಳಿಯಬೇಕಾದರೆ ಅವನಿಗೊಂದು ಸುಳ್ಳು ಹೆಸರು ಕೊಟ್ಟು ಬಾಗಿಲು ಮುಚ್ಚಿಬಿಡಬೇಕು. ಮೇಷ್ಟ್ರು ತಾವೇ ಬಾಗಿಲು ಮುಚ್ಚಿಕೊಂಡರು. ಹಳೆಯ ಖಾತೆ ಅಳಿಸಿ, ಬೇರೊಂದು ಹೆಸರಿನಲ್ಲಿ ಇನ್ನೊಂದು ತೆರೆದು, ನಾಚಿಕೆಯಿಲ್ಲದೆ ‘ಹೊಸಬರು’ ಎಂಬುದನ್ನು ಒತ್ತಿದರು.

ಅಲ್ಲಿ ಸಿಕ್ಕ ಗಿರಾಕಿಯ ಹೆಸರು ‘ರೈಟ್ ರೈಟ್’. ಎಂಥ ಬಂಗಾರದ ಮನುಷ್ಯ! ಆನೆಯನ್ನು ತಾನಾಗಿಯೇ ತಂದು ಇವರ ಬಾಯಿಗಿಡುತ್ತಿದ್ದ. ಒಂಟೆಯನ್ನು ನಡುಬೀದಿಯಲ್ಲಿ ಬಿಟ್ಟು ಕಾಲಾಳಿಗೆ ಕಾವಲು ನಿಲ್ಲುತ್ತಿದ್ದ. ವಾರವಿಡೀ ಸಂಜೆಯಾದರೆ ಮೇಷ್ಟ್ರು ಅವನನ್ನೇ ಹುಡುಕಿ, ಕರೆದು, ಕೂರಿಸಿ ಸೋಲಿಸಿದರು. ಎದೆ ಎಷ್ಟು ಉಬ್ಬಿತೆಂದರೆ ಶರ್ಟಿನ ಗುಂಡಿಗಳು ಹೆದರಿದವು. ಒಂದು ದಿನ ಗೆದ್ದ ಮದದಲ್ಲಿ ಸಂದೇಶವನ್ನೂ ಒಗೆದರು: "ಇದು ನಿನ್ನ ಕೈಲಾಗೋ ಕೆಲಸ ಅಲ್ಲ. ಹೋಗಿ ಹಾವು ಏಣಿ ಆಡ್ಕೋ."

ಮರುದಿನ ಸಂಜೆ ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಕುಕ್ಕುತ್ತಿದ್ದಳು.

"ಯಾರ ಮೇಲೆ ಸಿಟ್ಟು?"

"ಅಪ್ಪ ಚೆಸ್ ಬಿಡ್ತಾರಂತೆ."

"ಮಾವನವರು ಚೆಸ್ ಯಾವಾಗ ಹಿಡಿದ್ರು?"

"ಈಚೆಗೆ. ಕಂಡಕ್ಟರ್ ಕೆಲಸದಿಂದ ರಿಟೈರ್ ಆದ್ಮೇಲೆ ಮಾತೇ ಬಿಟ್ಟಿದ್ರಲ್ಲ. ದಿನವಿಡೀ ಬಸ್ಸಲ್ಲಿ ಕೂಗಾಡಿದ ಜೀವ, ಗೋಡೆ ನೋಡ್ಕೊಂಡು ಕೂತಿರೋರು. ಫೋನಲ್ಲಿ ಚೆಸ್ ಶುರು ಮಾಡಿದ್ಮೇಲೆ ಮತ್ತೆ ನಗೋಕೆ ಕಲಿತಿದ್ರು. ಈಗ ಯಾವನೋ ಕೇಡಿ ಗಂಟುಬಿದ್ದು ದಿನಾ ಬಡೀತಿದಾನೆ. ನಿನ್ನೆ ಹೋಗಿ ಹಾವು ಏಣಿ ಆಡ್ಕೋ ಅಂದನಂತೆ. ನಮ್ಮಪ್ಪನ್ನ, ಏಕವಚನದಲ್ಲಿ."

ಮೇಷ್ಟ್ರ ಗಂಟಲಲ್ಲಿ ಕಾಫಿ ದಾರಿ ತಪ್ಪಿತು. "ಅಲ್ಲಿ... ಅವರು ಏನಂತ ಹೆಸರಿಟ್ಕೊಂಡಿದಾರೆ?"

"ರೈಟ್ ರೈಟ್ ಅಂತ. ಇನ್ನೇನು ಇಟ್ಕೋತಾರೆ? ಇವತ್ತೊಂದು ಆಟ ಆಡಿ ನೋಡ್ತಾರಂತೆ. ಸೋತ್ರೆ ಅಳಿಸಿಹಾಕಿ ಮತ್ತೆ ಗೋಡೆ ಮುಂದೆ ಕೂತ್ಕೋತಾರೆ. ಆ ಕೇಡಿ ನಮ್ಮ ವಾರ್ಡಿಗೆ ಬರಬೇಕು ರೀ. ಇರೋದ್ರಲ್ಲೇ ದಪ್ಪ ಸೂಜಿ ಹುಡುಕ್ತೀನಿ."

ಮೇಷ್ಟ್ರು ಅರಿವಿಲ್ಲದೆಯೇ ಸೊಂಟ ಸವರಿಕೊಂಡು ಕೋಣೆಗೆ ಹೋಗಿ ಚಿಲಕ ಹಾಕಿದರು. ಮೈದಾನದ ಭಾಷಣವೆಲ್ಲ ಮೆದುಳಿನಲ್ಲಿ ಸೀಟಿ ಊದಿತು. ಸರಿ, ಸೋತರಾಯಿತು. ಆದರೆ ಸುಮ್ಮನೆ ಸೋಲಬಾರದು, ಮುದುಕರಿಗೆ ಅನುಮಾನ ಬಂದೀತು. ಮೊದಲು ಒಂದಷ್ಟು ಕೈಚಳಕ ತೋರಿಸಿ, ನಡುವೆ ದೊಡ್ಡ ಮನಸ್ಸು ಮಾಡಿ ಮಂತ್ರಿಯನ್ನು ಬಿಟ್ಟುಕೊಟ್ಟು, ಕೊನೆಗೆ ಗೌರವದಿಂದ ಮಣಿಯುವುದು. ತಮ್ಮ ಔದಾರ್ಯಕ್ಕೆ ಅವರ ಕಣ್ಣೇ ತುಂಬಿ ಬಂತು.

ಆಟ ಶುರುವಾಯಿತು. ಕೈಚಳಕ ತೋರಿಸಲು ಕುದುರೆ ಎತ್ತಿದರು, ಕುದುರೆ ಹೋಯಿತು. ಇರಲಿ ಎಂದು ಆನೆಯನ್ನು ಸರಿಸಿದರು, ಅದೂ ಹೋಯಿತು. ಬಿಟ್ಟುಕೊಡೋಣವೆಂದು ಮಂತ್ರಿಯನ್ನು ಹುಡುಕಿದರೆ ಅದಾಗಲೇ ಮಾವನ ಪಾಲಾಗಿತ್ತು.

"ತಡೀರಿ, ನಾನಿನ್ನೂ ಸೋಲೋಕೆ ಶುರುನೇ ಮಾಡಿಲ್ಲ" ಎಂದು ಮೇಷ್ಟ್ರು ಫೋನಿಗೆ ಅಂಗಲಾಚಿದರು. ಈಗ ಔದಾರ್ಯ ಗಾಳಿಗೆ ಹಾರಿತು. ಹಲ್ಲುಕಚ್ಚಿ, ಬೆವರೊರೆಸಿ, ಗೆಲ್ಲಲೇಬೇಕೆಂದು ಹೋರಾಡಿದರು. ಬೆವರು ಆರುವ ಮೊದಲೇ ರಾಜ ಮೂಲೆಯಲ್ಲಿ ಸತ್ತುಬಿದ್ದಿದ್ದ.

ಹೊರಗೆ ಬಂದಾಗ ಹೆಂಡತಿಯ ಫೋನಿನ ಸ್ಪೀಕರಿನಿಂದ ಮಾವನ ನಗು ಮನೆ ತುಂಬಿತ್ತು.

"ಗೆದ್ದೆ ಕಣಮ್ಮಾ! ಇವತ್ತು ಹೊಸ ಕನ್ನಡಕ ಬಂತು ನೋಡು. ಇಷ್ಟು ದಿನ ಒಂಟೆ ಯಾವುದು, ಕಾಲಾಳು ಯಾವುದು ಅಂತಾನೇ ಕಾಣ್ತಿರ್ಲಿಲ್ಲ."

"ಚೆನ್ನಾಗಿ ಬಾರಿಸಿದ್ರಾ ಆ ಕೇಡಿಗೆ?"

"ಕೇಡಿ ಅಲ್ಲಮ್ಮಾ, ಪಾಪ. ಕಣ್ಣು ಕಂಡ್ಮೇಲೆ ಗೊತ್ತಾಯ್ತು, ಅದಕ್ಕೆ ಆಟವೇ ಬರಲ್ಲ. ಯಾವುದೋ ಸಣ್ಣ ಮಗು ಇರ್ಬೇಕು. ಇರು, ಬೇಜಾರ್ ಮಾಡ್ಕೊಂಡಿರುತ್ತೆ, ಅದಕ್ಕೆ ಎರಡು ಮಾತು ಬರೀತೀನಿ."

ಮೇಷ್ಟ್ರ ಶರ್ಟಿನ ಜೇಬು ‘ಟಿಣ್’ ಎಂದಿತು.

ಹೆಂಡತಿ ಜೇಬು ನೋಡಿದಳು. ಮುಖ ನೋಡಿದಳು. ಮತ್ತೆ ಜೇಬು ನೋಡಿ, ಎರಡು ಬೆರಳಲ್ಲಿ ಫೋನನ್ನು ಮೇಲೆತ್ತಿ ಗಟ್ಟಿಯಾಗಿ ಓದಿದಳು:

"ಅಳಬೇಡ ಪುಟ್ಟಾ. ನಾಳೆ ಬಾ, ಮೊದಲಿಂದ ಹೇಳಿಕೊಡ್ತೀನಿ."

ಆಮೇಲೆ ತನ್ನ ಫೋನಿನತ್ತ ತಿರುಗಿದಳು.

"ಅಪ್ಪಾ, ಮೆಸೇಜ್ ಮುಟ್ತು. ಮಗು ಇಲ್ಲೇ ನಿಂತಿದೆ."